ಹಸಿರು ಕೋಟಿಗೆ ಗಿಳಿಹಸಿರು ಪಟ್ಟಿ

ನಾಳೆ ಉಡಬೇಕೆಂದು ತೆಗೆದಿಟ್ಟ ರೇಷ್ಮೆ ಸೀರೆಯೇನೋ ಸರಿಯಾಗಿಯೇ ಇದೆ. ಅದರ ರವಿಕೆ ಮಾತ್ರ ನನ್ನನ್ನು ಒಪ್ಪಲಿಲ್ಲ. ಮೊದಲ ಎರಡು ಹುಕ್ಕುಗಳು ಕೂಡಿದವು, ಮೂರನೆಯದಕ್ಕೆ ಉಸಿರು ಬಿಗಿಹಿಡಿಯಬೇಕಾಯಿತು, ನಾಲ್ಕನೆಯದು ದೂರದಿಂದಲೇ ಕೈಮುಗಿಯಿತು. ಸೀರೆಯಲ್ಲಿ ಇದೊಂದು ಅನುಕೂಲ ನೋಡಿ, ಉಟ್ಟವರು ಎಷ್ಟೇ ದಪ್ಪವಾದರೂ ಅದು ದೂರು ಹೇಳುವುದಿಲ್ಲ. ರವಿಕೆಗೆ ಆ ದಾಕ್ಷಿಣ್ಯವಿಲ್ಲ. ಒಳಗೆ ಬಟ್ಟೆ ಏನಾದರೂ ಬಿಟ್ಟಿದ್ದಾರೋ ಎಂದು ತಿರುವಿ ನೋಡಿದೆ. ಬಿಟ್ಟಿದ್ದನ್ನೆಲ್ಲ ಹೋದ ಸಲವೇ ಬಿಚ್ಚಿಕೊಂಡಾಗಿತ್ತು.

ಕಪಾಟಿನ ಮೇಲಿನ ಅರೆಯಲ್ಲಿ ಒಂದು ಪ್ಲಾಸ್ಟಿಕ್ ಕವರಿದೆ. ಅದರೊಳಗೆ ಎರಡು ಉದ್ದನೆಯ ಗಿಳಿಹಸಿರು ಪಟ್ಟಿಗಳು, ಒಂದೊಂದರ ತುದಿಗೂ ಸ್ವಲ್ಪ ಜರಿ. ತೆಗೆದು ಮೂಗಿಗೆ ಹಿಡಿದೆ. ಕುಂಕುಮದ ವಾಸನೆ, ನುಸಿಗುಳಿಗೆಯ ವಾಸನೆ, ಅವೆರಡರ ಅಡಿಯಲ್ಲಿ ಹಳೆಯ ಉಣ್ಣೆಯ ವಾಸನೆ. ಉಣ್ಣೆಯದು ನಮ್ಮ ಮನೆಯ ವಾಸನೆಯಲ್ಲ. ಅದು ಐರ್ಲೆಂಡಿನ ಒಬ್ಬ ಹೆಂಗಸಿನ ಸಮವಸ್ತ್ರದ್ದು. ಮೈಸೂರಿನ ನನ್ನ ಅಮ್ಮ ಅದಕ್ಕೆ ಕೈಹಾಕಿದ್ದು ಹೇಗೆಂದು ಹೇಳಬೇಕಾದರೆ ನೋರಮ್ಮನಿಂದಲೇ ಶುರುಮಾಡಬೇಕು.

ಹ್ಯಾಂಬರ್ಗಿನಲ್ಲಿ ನಾನು, ಗಂಡ, ಮಗಳು ಇರುವುದು ಹಳೆಯ ಕಟ್ಟಡವೊಂದರ ಮೂರನೆಯ ಮಹಡಿ. ನೋರಾ ಎಂಬ ಐರಿಷ್ ಮುದುಕಿ ನಮ್ಮ ಕೆಳಗಿನ ಮನೆಯಲ್ಲಿದ್ದರು. ಬಂದರಿನಲ್ಲಿ ಕೆಲಸ ಮಾಡುತ್ತಿದ್ದ ಜರ್ಮನ್ನನೊಬ್ಬನನ್ನು ಮದುವೆಯಾಗಿ ಇಲ್ಲಿಗೆ ಬಂದವರು, ಗಂಡ ಹೋದ ಮೇಲೂ ಇಲ್ಲೇ ಉಳಿದವರು. ಹೆಸರು ಹಿಡಿದು ಕರೆ ಎಂದು ಅವರೇ ಹೇಳಿದ್ದರೂ ತಾಯಿಯ ವಯಸ್ಸಿನವರನ್ನು ಬರಿಯ ‘ನೋರಾ’ ಎನ್ನಲು ನನ್ನ ನಾಲಗೆ ಏಳುತ್ತಿರಲಿಲ್ಲ. ಅಮ್ಮ ಬಂದವಳೇ ‘ನೋರಮ್ಮ’ ಎಂದುಬಿಟ್ಟಳು, ನನ್ನ ಕಷ್ಟ ಪರಿಹಾರವಾಯಿತು. ನೋರಮ್ಮ ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ, ಸಿಟ್ಟು ಬಂದಾಗ ಜರ್ಮನ್ನಿನಲ್ಲಿ. ನನ್ನ ನೆನಪಿನಲ್ಲಿ ಅದೆಲ್ಲ ಕನ್ನಡವಾಗಿ ಕೂತುಬಿಟ್ಟಿದೆ, ಹಾಗೇ ಹೇಳುತ್ತೇನೆ.

ಒಂದು ಚಳಿಗಾಲ ನಮ್ಮ ಕಟ್ಟಡದ ಕೆಲ್ಲರ್‌ನಲ್ಲಿ, ಎಂದರೆ ನೆಲಮಾಳಿಗೆಯಲ್ಲಿ, ಪೈಪು ಸೋರಿತು. ಎಲ್ಲರೂ ತಂತಮ್ಮ ಅಟ್ಟದ ಸಾಮಾನಿನಂಥ ಸಾಮಾನುಗಳನ್ನು ಮೇಲೆ ಸಾಗಿಸುವಾಗ ನೋರಮ್ಮನ ತಗಡಿನ ಟ್ರಂಕಿಗೆ ನಾನೂ ಒಂದು ಕೈ ಹಚ್ಚಿದೆ. ಮನೆಯೊಳಗೆ ಇಳಿಸಿದ ಮೇಲೆ ಅವರು ಬೇರೇನೂ ನೋಡದೆ ಒಂದು ಹಳೆಯ ಕೌದಿಯನ್ನು ಹೊರತೆಗೆದು, ಒದ್ದೆಯಾಗಿದೆಯೇ ಎಂದು ಕೆನ್ನೆಗೆ ಒತ್ತಿ ನೋಡಿದರು. ಕೌದಿಯ ಒಂದು ಬದಿ ಬಾಯಿ ತೆರೆದಿತ್ತು. ಅದರೊಳಗಿಂದ ದಪ್ಪ ಹಸಿರು ಉಣ್ಣೆಯ ತುಂಡುಗಳು ಒಂದೊಂದಾಗಿ ಹೊರಬಂದವು. ಎರಡು ತೋಳು, ಬೆನ್ನು, ಎದೆಯ ಎರಡು ಭಾಗ, ಕಾಲರು, ನಾಲ್ಕು ಜೇಬು. ಕೋಟು ಇತ್ತು, ಆದರೆ ಕೋಟಾಗಿ ಇರಲಿಲ್ಲ.

ಅದು ಅವರ ಅಜ್ಜಿಯದು. ಬ್ರಿಟಿಷರ ವಿರುದ್ಧ ಎದ್ದ ಐರಿಷ್ ಹೆಂಗಸರ ದಳದಲ್ಲಿ ಆಕೆ ಇದ್ದರಂತೆ. ಹಸಿರು ಕೋಟು, ಹಸಿರು ಲಂಗ, ಅಗಲ ಅಂಚಿನ ಟೋಪಿ ಅವರ ಸಮವಸ್ತ್ರ. ಯಾರೂ ಹೊಲಿದು ಕೊಡುತ್ತಿರಲಿಲ್ಲ, ಬಟ್ಟೆ ತಂದು ಮನೆಯಲ್ಲೇ ಹೊಲಿದುಕೊಂಡವರೇ ಬಹಳ. ಅದೂ ಆಗದವರು ಇದ್ದ ಉಡುಪಿನ ಮೇಲೆ ಬಿಲ್ಲೆಯೊಂದನ್ನು ಸಿಕ್ಕಿಸಿಕೊಂಡು ಹೊರಡುತ್ತಿದ್ದರು. ಆ ಬಿಲ್ಲೆಯೂ ಟ್ರಂಕಿನಲ್ಲಿತ್ತು: ಉದ್ದಕ್ಕೆ ಮಲಗಿದ ಒಂದು ಬಂದೂಕು, ಅದಕ್ಕೆ ಬಳ್ಳಿಯ ಹಾಗೆ ಸುತ್ತಿಕೊಂಡ ದಳದ ಹೆಸರಿನ ಮೊದಲಕ್ಷರಗಳು. “ಆ ಬಂದೂಕನ್ನು ಸರಿಯಾಗಿ ನೋಡು. ದಂಗೆಗೆ ಮುಂಚೆ ನಮ್ಮವರು ಹಳೆಯ ಬಂದೂಕುಗಳನ್ನು ಕೊಂಡದ್ದು ಇದೇ ಹ್ಯಾಂಬರ್ಗಿನಲ್ಲಿ. ನಾನು ಗಂಡನನ್ನು ಇಲ್ಲಿಂದ ತೆಗೆದುಕೊಂಡೆ” ಎಂದು ನೋರಮ್ಮ ನಕ್ಕರು. ಕೊನೆಗೆ ಒಂದು ಬಾವುಟ. ನೀಲಿಯ ಮೇಲೆ ಚಿನ್ನದ ಬಣ್ಣದ ಅರ್ಧ ಸೂರ್ಯ, ಕಿರಣಗಳೆಲ್ಲ ಮೇಲಕ್ಕೆ. ಅಜ್ಜಿಯೇ ಕೈಯಲ್ಲಿ ಹೊಲಿದದ್ದು. ಒಂದು ಕಿರಣ ಸ್ವಲ್ಪ ಸೊಟ್ಟಗಿತ್ತು, ಅದನ್ನು ಕಂಡು ನನಗೆ ಆ ಅಜ್ಜಿ ಇಷ್ಟವಾದರು.

ಮನೆಯಲ್ಲಿ ಸಮವಸ್ತ್ರ ಸಿಕ್ಕರೆ ಜೈಲು ಖಂಡಿತ ಎನ್ನುವ ದಿನಗಳು ಬಂದಾಗ ಕೆಲವರು ಅದನ್ನು ಒಲೆಗೆ ಹಾಕಿದರಂತೆ. ನೋರಮ್ಮನ ಅಜ್ಜಿಗೆ ಮನಸ್ಸು ಬರಲಿಲ್ಲ. ಹೊಲಿಗೆ ಬಿಚ್ಚಿ, ತುಂಡುಗಳನ್ನು ಕೌದಿಯ ಪದರಗಳ ನಡುವೆ ಹಾಸಿ, ಮೇಲೆ ಮಕ್ಕಳನ್ನು ಮಲಗಿಸಿದರು. ತಪಾಸಣೆಗೆ ಬಂದವರು ಟೀ ಡಬ್ಬಿಯನ್ನೂ ಬಿಡದೆ ನೋಡಿದರು, ಮಲಗಿದ್ದ ಮಕ್ಕಳನ್ನು ಎಬ್ಬಿಸಲಿಲ್ಲ. ಆಮೇಲೆ ಸ್ವಾತಂತ್ರ್ಯ ಬಂತು, ಅದರ ಬೆನ್ನಿಗೇ ಜತೆಗಾರರೇ ಎರಡು ಪಾಲಾಗಿ ಹೊಡೆದಾಡಿಕೊಂಡರು. ಅಜ್ಜಿಯ ಪಾಲು ಸೋತಿತು. ಕೋಟನ್ನು ಮತ್ತೆ ಹೊಲಿ ಎಂದವರಿಗೆ ಆಕೆ “ಯಾರ ಎದುರಿಗೆ ತೊಟ್ಟುಕೊಳ್ಳಲಿ?” ಎಂದು ಕೇಳಿದರಂತೆ.

ನೋರಮ್ಮನಿಗೆ ಇದ್ದ ಆಸೆ ಒಂದೇ. ಅವರ ಹುಟ್ಟೂರಿನಲ್ಲಿ ಒಂದು ಸಣ್ಣ ಮ್ಯೂಸಿಯಂ ಇದೆ. ಅಲ್ಲಿ ಆ ಊರಿನ ಗಂಡಸರ ಟೋಪಿ, ಬೆಲ್ಟುಗಳನ್ನು ಹೆಸರು ಸಮೇತ ತೂಗುಹಾಕಿದ್ದಾರೆ. ಹೆಂಗಸರದ್ದು ಒಂದು ಫೋಟೋ ಇದೆ, ಕೆಳಗೆ ‘ಊರಿನ ಮಹಿಳೆಯರು’ ಎಂದು ಮಾತ್ರ ಬರೆದಿದೆ. ಅದರ ಪ್ರತಿಯೊಂದನ್ನು ನೋರಮ್ಮ ತೋರಿಸಿದರು, ಸಾಲಿನಲ್ಲಿ ಎಡಗಡೆ ನಿಂತಿರುವುದು ಅಜ್ಜಿ. ಕೋಟು ಅಲ್ಲಿಗೆ ಹೋಗಬೇಕು, ಪಕ್ಕದಲ್ಲಿ ಅಜ್ಜಿಯ ಹೆಸರಿರಬೇಕು. “ಅದಕ್ಕೆ ಮೊದಲು ಅದನ್ನು ಒಮ್ಮೆ ಇಡಿಯಾಗಿ ನೋಡಬೇಕು. ನನಗೆ ಗುಂಡಿ ಹಾಕಲೂ ಬರುವುದಿಲ್ಲ, ನಿನಗೆ ಬರುತ್ತದೆಯೇ?” ಎಂದು ಕೇಳಿದರು. ನನಗೂ ಬರುತ್ತಿರಲಿಲ್ಲ. ಆದರೆ ಫೆಬ್ರವರಿಯಲ್ಲಿ ಅಮ್ಮ ಬರುವವಳಿದ್ದಳು.

ಅಮ್ಮ ಬಂದ ಮೊದಲ ವಾರವೆಲ್ಲ ಹೀಟರಿಗೆ ಬೆನ್ನುಕೊಟ್ಟು ಕೂತು, “ಈ ಊರಲ್ಲಿ ಸೂರ್ಯನಿಗೆ ರಜ ಕೊಟ್ಟಿದಾರಾ?” ಎಂದು ಕೇಳುತ್ತಿದ್ದಳು. ಅಪ್ಪ ಹೋಗಿ ವರ್ಷ ತುಂಬಿತ್ತು. ಕೈಗೆ ಕೆಲಸ ಸಿಕ್ಕಿದರೆ ಒಳ್ಳೆಯದೆಂದು ನಾನು ಕೌದಿಯನ್ನು ಮೇಲೆ ತಂದು ಅವಳ ಮುಂದೆ ಹರಡಿದೆ.

“ಏನೇ ಇದು, ಕೈಗೊಂದು ಕಾಲಿಗೊಂದು?”

“ನೋರಾ ಅವ್ರ ಅಜ್ಜೀದಮ್ಮ. ಪೊಲೀಸ್ರಿಗೆ ಸಿಗಬಾರ್ದು ಅಂತ ಅವ್ರೇ ಬಿಚ್ಚಿಟ್ಟಿದ್ರಂತೆ.”

“ಸುಡ್ಲಿಲ್ವಲ್ಲ, ಪುಣ್ಯಾತಗಿತ್ತಿ.” ಅಮ್ಮ ಒಂದು ತೋಳನ್ನು ಎತ್ತಿ ಬೆಳಕಿಗೆ ಹಿಡಿದಳು.

“ಇದ್ದ ಹಾಗೇ ಹೊಲಿಬೇಕಮ್ಮ. ಹಳೇ ಹೊಲಿಗೆ ತೂತು ಕಾಣ್ಸುತ್ತಲ್ಲ, ಅದ್ರ ಮೇಲೇ ಬರ್ಬೇಕು.”

“ಗೊತ್ತು ಹೋಗೇ. ನಿನ್ನ ಸ್ಕೂಲ್ ಯೂನಿಫಾರಮ್ಮು ಎಷ್ಟು ಸಲ ಬಿಚ್ಚಿ ಹೊಲಿದಿಲ್ಲ ನಾನು?”

ಅದು ನಿಜ. ನಮ್ಮ ಮನೆಯಲ್ಲಿ ಯಾವ ಬಟ್ಟೆಯನ್ನೂ ಆಗಿನ ಮೈಗೆ ಹೊಲಿಯುತ್ತಿರಲಿಲ್ಲ, ಮುಂದೆ ಬರುವ ಮೈಗೆ ಹೊಲಿಯುತ್ತಿದ್ದರು. ಜೂನ್ ತಿಂಗಳಲ್ಲಿ ನಾನು ಸ್ಕೂಲಿಗೆ ಹೊರಟರೆ ಯೂನಿಫಾರಂ ಮೊದಲು ಹೋಗುತ್ತಿತ್ತು, ಅದರೊಳಗೆ ನಾನೆಲ್ಲೋ ಹಿಂದಿನಿಂದ ಬರುತ್ತಿದ್ದೆ. ವರ್ಷ ಕಳೆದಂತೆ ಅಮ್ಮ ಲಂಗದ ಮಡಿಕೆಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದಳು. ಬಿಚ್ಚಿದ ಕಡೆಯೆಲ್ಲ ಗಾಢ ನೀಲಿ, ಉಳಿದದ್ದು ಮಾಸಿದ ನೀಲಿ. ನನ್ನ ಬೆಳವಣಿಗೆ ಇಡೀ ಕ್ಲಾಸಿಗೆ ಗೆರೆ ಎಳೆದ ಹಾಗೆ ಕಾಣುತ್ತಿತ್ತು.

ಅಮ್ಮ ಹೊಲಿಯಲು ಶುರುಮಾಡಿದಳು. ಒಂದು ಹೆಜ್ಜೆ ಮುಂದೆ ಹೋಗಿ ಅರ್ಧ ಹೆಜ್ಜೆ ಹಿಂದೆ ಬರುವ ಅವಳ ಗಟ್ಟಿ ಕೈಹೊಲಿಗೆ. ನಾನು ಆಫೀಸಿಗೆ ಹೋದಾಗ ನೋರಮ್ಮ ಮೇಲೆ ಬಂದು ಎದುರಿಗೆ ಕೂರುತ್ತಿದ್ದರು. ಇಬ್ಬರಿಗೂ ಒಂದೇ ಒಂದು ಭಾಷೆಯೂ ಸಮನಾಗಿ ಬರುತ್ತಿರಲಿಲ್ಲ, ಆದರೂ ಸಂಜೆ ನಾನು ಬರುವ ಹೊತ್ತಿಗೆ ಅಮ್ಮನಿಗೆ ನೋರಮ್ಮನ ಮಂಡಿನೋವಿನ ಪೂರ್ತಿ ಚರಿತ್ರೆ ಗೊತ್ತಾಗಿರುತ್ತಿತ್ತು. ಬಿಲ್ಲೆಯ ಹಿಂದಿನ ಕೊಂಡಿ ಮುರಿದಿದೆ ಎಂದು ಅವರು ತೋರಿಸಿದಾಗ ಅಮ್ಮ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಕೊಟ್ಟಳು. ಹೆಂಗಸರು ಹೀಗೆ ಪಿನ್ನುಗಳನ್ನು ಮೈಮೇಲೆ ಇಟ್ಟುಕೊಂಡು ಓಡಾಡುವುದು ನೋರಮ್ಮನಿಗೆ ಬಹಳ ಹಿಡಿಸಿತು. “ಇವರನ್ನು ನಮ್ಮ ಅಜ್ಜಿಯ ದಳಕ್ಕೆ ಸೇರಿಸಿಕೊಳ್ಳಬಹುದಿತ್ತು” ಎಂದರು.

ಅದೇ ವಾರ ಇಲ್ಲಿಯ ಕನ್ನಡದವರೊಬ್ಬರ ಮನೆಯಲ್ಲಿ ಅರಿಶಿನ ಕುಂಕುಮವಿತ್ತು, ಅಮ್ಮನನ್ನೂ ಕರೆದುಕೊಂಡು ಹೋದೆ. ನಿಮಗೆ ಗೊತ್ತೇ ಇದೆ, ಇಂಥ ಕಡೆ ಹೊರಡುವಾಗ ಎಲೆ ಅಡಿಕೆ ಜತೆಗೆ ಒಂದು ರವಿಕೆ ಕಣ ಕೊಡುತ್ತಾರೆ. ಅದನ್ನು ಯಾರೂ ಹೊಲಿಸುವುದಿಲ್ಲ. ಮುಂದಿನ ಮನೆಯಲ್ಲಿ ಇನ್ನೊಬ್ಬರ ಮಡಿಲಿಗೆ ಹಾಕುತ್ತಾರೆ. ಹ್ಯಾಂಬರ್ಗಿನ ಕನ್ನಡದ ಮನೆಗಳಲ್ಲಿ ಒಟ್ಟು ಇರುವ ಕಣಗಳು ಕೆಲವೇ, ಅವೇ ಮನೆಮನೆ ಸುತ್ತುತ್ತಿವೆ ಎಂದು ನನಗೆ ಗುಮಾನಿ. ನಾನೂ ಬಂದದ್ದನ್ನು ಇಟ್ಟುಕೊಂಡವಳಲ್ಲ. ಆ ದಿನ ತಟ್ಟೆ ನನ್ನ ಮುಂದೆ ನಿಂತಿತು, ಒಂದು ಗಿಳಿಹಸಿರು ಕಣ ಬಂತು. ತಟ್ಟೆ ಅಮ್ಮನ ಮುಂದೆ ಬಂದಾಗ ಮನೆಯಾಕೆಯ ಕೈ ತಡವರಿಸಿತು. ಕುಂಕುಮವಿಲ್ಲದ ಹಣೆ ನೋಡಿ, ಎರಡು ಬಾಳೆಹಣ್ಣು ಮಾತ್ರ ಎತ್ತಿಕೊಟ್ಟು, ಮುಂದಕ್ಕೆ ಹೋದಳು. ಒಳ್ಳೆಯ ಹುಡುಗಿಯೇ, ಅವಳಿಗೂ ಮುಖ ಕೆಂಪಾಗಿತ್ತು. ಎಸ್-ಬಾನ್ ರೈಲಿನಲ್ಲಿ ವಾಪಸು ಬರುವಾಗ ಅಮ್ಮ ಆ ಬಾಳೆಹಣ್ಣುಗಳನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

ಕೋಟು ಮುಗಿದ ದಿನ ಅಮ್ಮ ನೋರಮ್ಮನನ್ನು ಕರೆಸಿ, ಕನ್ನಡಿಯ ಮುಂದೆ ನಿಲ್ಲಿಸಿ, ತೋಳಿಗೆ ಕೈ ತೂರಿಸಿ ತೊಡಿಸಿಯೇಬಿಟ್ಟಳು. ಮೇಲಿನಿಂದ ಕೆಳಗಿನವರೆಗೆ ಎಲ್ಲ ಗುಂಡಿಯೂ ಕೂಡಿತು. ನನಗೆ ಆಶ್ಚರ್ಯ. ಫೋಟೋದ ಅಜ್ಜಿ ಕಡ್ಡಿಯಂಥ ಹೆಂಗಸು, ನೋರಮ್ಮ ಆಗ ತುಂಬಿದ ಮೈಯವರು. ನೋರಮ್ಮ ಕೈ ಎತ್ತಿ ಕೂದಲು ಸರಿಮಾಡಿಕೊಂಡಾಗ ಗುಟ್ಟು ರಟ್ಟಾಯಿತು. ಎರಡೂ ಪಕ್ಕಕ್ಕೆ, ಕಂಕುಳಿಂದ ಸೊಂಟದವರೆಗೆ, ಉದ್ದನೆಯ ಗಿಳಿಹಸಿರು ಪಟ್ಟಿ. ಕೆಳ ಅಂಚಿನಲ್ಲಿ ಜರಿ ಮಿನುಗುತ್ತಿತ್ತು.

“ಅಯ್ಯೋ, ಇದೇನಮ್ಮ ಮಾಡಿದ್ದು?”

“ಏನ್ ಮಾಡ್ದೆ? ಆಗ್ತಿರ್ಲಿಲ್ಲ, ಆಗೋ ಹಾಗೆ ಮಾಡ್ದೆ.”

“ಇದು ಮ್ಯೂಸಿಯಮ್ಮಿಗೆ ಕೊಡೋದಮ್ಮ!”

“ಮ್ಯೂಸಿಯಮ್ಮಿಗೆ ಮೈ ಇದ್ಯಾ? ಈಯಮ್ಮ ದಿನಾ ಆ ತುಂಡುಗಳನ್ನ ಎದೆಗೆ ಹಿಡ್ಕೊಂಡು ಕನ್ನಡೀಲಿ ನೋಡ್ಕೊಳ್ತಿದ್ರು. ಎರಡು ಬದೀನೂ ಕೂಡ್ತಿರ್ಲಿಲ್ಲ. ಅಜ್ಜಿ ಬಟ್ಟೆ ಮೊಮ್ಮಗಳು ಹಾಕ್ಕೊಳ್ದೆ ಇನ್ಯಾರು ಹಾಕ್ಕೋಬೇಕು?”

“ಈ ಬಟ್ಟೆ ಎಲ್ಲಿ ಸಿಕ್ತು ನಿನಗೆ?”

“ಅವತ್ತು ನಿನಗೆ ಕೊಟ್ರಲ್ಲ, ಅದೇ. ನೀನೇನು ಹೊಲಿಸ್ಕೊಳ್ತಿದ್ಯಾ? ನನಗಂತೂ ಕೊಡಲ್ಲ, ಈಯಮ್ಮನಿಗೂ ಕೊಡಲ್ಲ. ಕೋಟು ಹಸಿರು, ಕಣಾನೂ ಹಸಿರು. ಹಾಕ್ದೆ.”

ನೋರಮ್ಮನಿಗೆ ಇಷ್ಟನ್ನೂ ಅನುವಾದಿಸಬೇಕಾಯಿತು, ಬಾಳೆಹಣ್ಣಿನ ಸಂಗತಿಯನ್ನೂ ಸೇರಿಸಿ. ಅವರು ಗಂಡ ಹೋದ ಮೇಲೆ ತಮ್ಮನ್ನು ಊಟಕ್ಕೆ ಕರೆಯುವುದನ್ನು ನಿಲ್ಲಿಸಿದ ಜೋಡಿಗಳ ಹೆಸರನ್ನು ಹೇಳಿಕೊಂಡು ನಕ್ಕರು. ಆಮೇಲೆ ಕನ್ನಡಿಯ ಕಡೆ ತಿರುಗಿ, ಪಟ್ಟಿಯ ಮೇಲೆ ಕೈಯಾಡಿಸಿ, ಅಳುವುದಕ್ಕೂ ಶುರುಮಾಡಿದರು. ಅಮ್ಮ ಒಂದು ಲೋಟ ಕಾಫಿ ಬೆರೆಸಿ ತಂದಳು.

ಮ್ಯೂಸಿಯಂ ನೋಡಿಕೊಳ್ಳುವ ಹುಡುಗಿಗೆ ವಿಡಿಯೋದಲ್ಲಿ ಕೋಟು ತೋರಿಸಿದೆವು. ಅವಳು ಮರ್ಯಾದೆಯಾಗಿಯೇ ಹೇಳಿದಳು: ಬಿಚ್ಚಿದ್ದನ್ನು ಮತ್ತೆ ಕೂಡಿಸಿದ್ದು ಸರಿ, ಆದರೆ ಆ ಹೊಸ ಪಟ್ಟಿಗಳು ಇರುವ ತನಕ ಇದನ್ನು ನಿಮ್ಮ ಅಜ್ಜಿಯ ಸಮವಸ್ತ್ರ ಎಂದು ತೂಗುಹಾಕಲಾರೆವು, ತೆಗೆದು ಕಳಿಸಿ. ನಾನು ಆ ಕ್ಷಣವೇ ಬ್ಲೇಡು ಹುಡುಕಲು ಎದ್ದೆ. ನೋರಮ್ಮ ನನ್ನ ಕೈ ಹಿಡಿದು ಕೂರಿಸಿದರು. “ಅಜ್ಜಿಯ ಹೆಸರು ಇಷ್ಟು ವರ್ಷ ಕಾದಿದೆ, ಇನ್ನೂ ಸ್ವಲ್ಪ ಕಾಯಲಿ. ಮೊದಲು ನಾನು ತೊಟ್ಟುಕೊಳ್ಳುತ್ತೇನೆ.”

ಈಸ್ಟರಿಗೆ ಇಲ್ಲಿಯ ಐರಿಷ್ ಜನ ಒಂದು ಹಾಲ್‌ನಲ್ಲಿ ಸೇರಿ, ಅದೇ ಹಬ್ಬದಲ್ಲಿ ಎದ್ದ ಆ ದಂಗೆಯಲ್ಲಿ ಸತ್ತವರನ್ನು ನೆನೆಯುತ್ತಾರೆ. ನೋರಮ್ಮ ಕೋಟು ತೊಟ್ಟು, ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡು, ನೀಲಿ ಬಾವುಟ ಎತ್ತಿ ಹಿಡಿದು ಮುಂದೆ ನಿಂತರು. ಕೈ ಎತ್ತಿದ್ದರಿಂದ ಪಟ್ಟಿ ಎಲ್ಲರಿಗೂ ಕಂಡಿತು. ಬಿಯರ್ ಹಿಡಿದಿದ್ದ ಒಬ್ಬರು ಅದೇನೆಂದು ಕೇಳಿದರು. “ಭಾರತದ ತುಕಡಿ” ಎಂದು ನೋರಮ್ಮ ಹೇಳಿದ್ದು ಅಮ್ಮನಿಗೆ ಅರ್ಥವಾಗಲಿಲ್ಲ. ತನ್ನ ವಿಷಯವೇ ಎಂದು ಮಾತ್ರ ತಿಳಿದು, ಸೆರಗು ಹೊದ್ದುಕೊಂಡು ನೆಟ್ಟಗೆ ಕೂತಳು.

ಆಮೇಲೆ ಪ್ರತಿ ಈಸ್ಟರಿಗೂ ಹಾಗೆಯೇ ನಡೆಯಿತು. ಅಮ್ಮ ಮತ್ತೆ ಬರಲಿಲ್ಲ. ಮೊದಲು ಮಂಡಿ, ಆಮೇಲೆ ಹೃದಯ ಕೈಕೊಟ್ಟವು. ಹೋದ ವರ್ಷ ಮೈಸೂರಿನಲ್ಲಿ ತೀರಿಕೊಂಡಳು. ಅವಳು ಇಡಿಯಾಗಿ ಹೊಲಿದ ಕೊನೆಯ ಬಟ್ಟೆ ಆ ಕೋಟೇ ಇರಬೇಕು. ಈ ಚಳಿಗಾಲದಲ್ಲಿ ನೋರಮ್ಮನೂ ಬಿದ್ದು, ಆಸ್ಪತ್ರೆ ಕಂಡು, ವೃದ್ಧರ ಹೈಮ್ ಒಂದಕ್ಕೆ, ಎಂದರೆ ವೃದ್ಧಾಶ್ರಮಕ್ಕೆ, ಹೋದರು. ನೋಡಲು ಹೋದರೆ ಹಾಸಿಗೆಯ ಮೇಲೆ ಅರ್ಧದಷ್ಟಾಗಿದ್ದರು. ಪಕ್ಕದಲ್ಲಿ ಕೋಟು ಮಡಿಸಿಟ್ಟಿತ್ತು.

“ನೋಡು, ನಾನೀಗ ಅಜ್ಜಿಯ ಅಳತೆಗೆ ಬಂದಿದ್ದೇನೆ. ಈಗ ಪಟ್ಟಿ ಬಿಚ್ಚಬಹುದು. ಗೋಡೆಯ ಮೇಲೆ ಅವಳ ಹೆಸರನ್ನು ನಾನು ಇರುವಾಗಲೇ ನೋಡಬೇಕು. ಆ ಹುಡುಗಿ ಮುಂದಿನ ವಾರ ತಾನೇ ಬಂದು ಒಯ್ಯುತ್ತಾಳಂತೆ” ಎಂದರು. ಕೋಟನ್ನು ನನ್ನ ಕಡೆ ಸರಿಸುತ್ತ, “ನಿನ್ನಿಂದ ಆಗದಿದ್ದರೆ ಹೇಳು, ಬೇರೆ ಯಾರಿಗಾದರೂ ಕೊಡುತ್ತೇನೆ” ಎಂದರು.

ಆಗುವುದಿಲ್ಲ ಎಂದೇ ಬಾಯಿಗೆ ಬಂತು. ಆಗುತ್ತದೆ ಎಂದೆ. ಅಮ್ಮನ ಹೊಲಿಗೆಯನ್ನು ಯಾರೋ ಅಂಗಡಿಯವರು ಬಿಚ್ಚುವುದನ್ನು ನನಗೆ ನೆನೆಯುವುದಕ್ಕೂ ಆಗಲಿಲ್ಲ.

ಆ ವಾರದ ಶನಿವಾರ ಊಟದ ಮೇಜಿನ ಮೇಲೆ ಕೋಟು ಹರಡಿಕೊಂಡು ಕೂತೆ. ಬ್ಲೇಡಿನ ಮೂಲೆಯಿಂದ ಒಂದೊಂದೇ ಹೊಲಿಗೆ ಎತ್ತಿ ಕತ್ತರಿಸಬೇಕು. ಅಮ್ಮನ ಹೊಲಿಗೆ ಅಮ್ಮನ ಹಾಗೆಯೇ, ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಬೈದುಕೊಂಡೆ, ಅತ್ತೆ, ಕಣ್ಣೊರೆಸಿಕೊಂಡು ಮುಂದುವರಿಸಿದೆ. ಪೂರ್ತಿ ಬಿಚ್ಚಿದ ಮೇಲೆ ನೋಡಿದರೆ ಆ ಉಣ್ಣೆಗೆ ಅವಳು ಎಲ್ಲಿಯೂ ಕತ್ತರಿ ತಾಗಿಸಿರಲಿಲ್ಲ. ಪಟ್ಟಿಯನ್ನು ಅಂಚಿಗೆ ಮಾತ್ರ ಕೂಡಿಸಿದ್ದಳು, ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟಿದ್ದಳು. ಒಂದು ಮಡಿಕೆಯೊಳಗೆ, ಎಷ್ಟೋ ಮನೆ ಸುತ್ತಿ ಬಂದ ಕಣಕ್ಕೆ ಯಾರೋ ಹಚ್ಚಿದ್ದ ಕುಂಕುಮದ ಬೊಟ್ಟು ಹಾಗೇ ಇತ್ತು. ಅಜ್ಜಿಯ ಹಳೆಯ ಹೊಲಿಗೆಯ ತೂತುಗಳ ಮೇಲೆಯೇ ಪಕ್ಕಗಳನ್ನು ಮುಚ್ಚಿದ್ದು ನನ್ನ ಕೈ. ಆ ಎರಡು ಸಾಲು ಸೊಟ್ಟಗಿವೆ. ತೋಳು, ಕಾಲರು, ನಾಲ್ಕು ಜೇಬು ಈಗಲೂ ಅಮ್ಮನ ಹೊಲಿಗೆಯ ಮೇಲೆಯೇ ನಿಂತಿವೆ.

ಹೈಮ್‌ನಲ್ಲಿ ನೋರಮ್ಮ ಕೊನೆಯ ಸಲ ಕೋಟು ತೊಟ್ಟರು. ಅಳತೆ ಮಾಡಿ ಹೊಲಿದ ಹಾಗಿತ್ತು. ಮ್ಯೂಸಿಯಂ ಹುಡುಗಿ ಬಿಲ್ಲೆಯನ್ನು ಕೋಟಿನ ಮೇಲೆಯೇ ಇರಿಸಿ, ಬಿಳಿ ಕಾಗದದಲ್ಲಿ ಮಗುವಿನಂತೆ ಸುತ್ತಿದಳು. ಅಜ್ಜಿಯ ಹೆಸರನ್ನು ನೋರಮ್ಮ ಅಕ್ಷರ ಅಕ್ಷರವಾಗಿ ಹೇಳಿ ಬರೆಸಿದರು. ಬಾವುಟ ಮಾತ್ರ ಕೊಡಲಿಲ್ಲ. ಅದಕ್ಕಿನ್ನೂ ಈಸ್ಟರಿನ ಕೆಲಸ ಇದೆ ಎಂದರು. ಹೊರಡುವಾಗ ಆ ಹುಡುಗಿ ಏನೋ ನೆನಪಾದವಳಂತೆ ನನ್ನ ಕಡೆ ತಿರುಗಿ, “ಬಿಚ್ಚಿದ ಪಟ್ಟಿಗಳನ್ನೂ ಕೊಡುತ್ತೀರಾ? ಅವೂ ಈಗ ಈ ಕೋಟಿನ ಚರಿತ್ರೆಯೇ ಅಲ್ಲವೇ? ಬೇರೆಯಾಗಿ ಇಡುತ್ತೇವೆ” ಎಂದು ಕೇಳಿದಳು. ಒಳ್ಳೆಯ ಮಾತೇ. ಅದುವರೆಗೆ ಅವಳು ಕೇಳಿದ್ದಕ್ಕೆಲ್ಲ ಹೂಂ ಎಂದಿದ್ದ ನಾನು “ಇಲ್ಲ, ಅದನ್ನು ಕೊಡುವುದಿಲ್ಲ” ಎಂದೆ. ಎಷ್ಟು ಜೋರಾಗಿ ಅಂದೆನೆಂದರೆ ನರ್ಸು ಬಾಗಿಲಲ್ಲಿ ಇಣುಕಿದಳು. ನೋರಮ್ಮ ಹಾಸಿಗೆಯ ಮೇಲಿಂದ ನಗುತ್ತ, “ಕೇಳಬೇಡ ಹುಡುಗೀ, ಅದು ಅವಳ ಅಮ್ಮನದು” ಎಂದರು. ಬಂದ ಕಣವನ್ನೆಲ್ಲ ದಾಟಿಸಿಬಿಡುವವಳು ನಾನು. ಇನ್ನೊಬ್ಬರಿಗೆ ಕೊಡುವುದಿಲ್ಲ ಎಂದದ್ದು ಇದೊಂದನ್ನೇ.

ನಾಳೆ ಈಸ್ಟರ್ ಭಾನುವಾರ. ನೋರಮ್ಮ ಗಾಲಿಕುರ್ಚಿಯಲ್ಲಿ ಬರುತ್ತಾರೆ, ಬಾವುಟ ಎತ್ತಿ ಹಿಡಿಯಬೇಕಾದವಳು ನಾನು. ನನಗೆ ಅಂಥ ಕೋಟಿಲ್ಲವಲ್ಲ ಎಂದದ್ದಕ್ಕೆ, “ನಿನ್ನ ಸಮವಸ್ತ್ರದಲ್ಲಿ ಬಾ” ಎಂದರು. ಅದಕ್ಕೇ ಈ ರೇಷ್ಮೆ ಸೀರೆ, ಅದಕ್ಕೇ ಈ ಹುಕ್ಕಿನ ಪಂಚಾಯಿತಿ.

ಮಧ್ಯಾಹ್ನ ಕವರಿನಿಂದ ಪಟ್ಟಿಗಳನ್ನು ತೆಗೆದು ರವಿಕೆಯ ಎರಡೂ ಪಕ್ಕಕ್ಕೆ ಕೂಡಿಸಿದೆ. ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ. ಪಟ್ಟಿ ಉದ್ದವಾಗಿತ್ತು, ಕತ್ತರಿ ಹಾಕಲು ಮನಸ್ಸಾಗದೆ ಮಿಕ್ಕದ್ದನ್ನು ಒಳಗೆ ಮಡಿಸಿಬಿಟ್ಟೆ. ಮಗಳು ಕೋಣೆಯಿಂದ ಬಂದು ನೋಡಿ, ಬಣ್ಣ ಸ್ವಲ್ಪವೂ ಹೊಂದುವುದಿಲ್ಲ ಎಂದು ಜರ್ಮನ್ನಿನಲ್ಲಿ ಹೇಳಿ ಹೋದಳು. ಮಾವಿನಹಣ್ಣಿನ ಬಣ್ಣದ ರವಿಕೆಗೆ ಗಿಳಿಹಸಿರು, ಅವಳು ಹೇಳಿದ್ದು ಸರಿಯೇ. ತೊಟ್ಟು ನೋಡಿದೆ. ಹುಕ್ಕುಗಳೆಲ್ಲ ಕೂಡಿದವು. ಮೂಲೆಯಲ್ಲಿದ್ದ ನೆಲ ಒರೆಸುವ ಕೋಲನ್ನು ಬಾವುಟವೆಂದುಕೊಂಡು, ಕನ್ನಡಿಯ ಮುಂದೆ ನಿಂತು ಎರಡೂ ಕೈ ಮೇಲಕ್ಕೆತ್ತಿದೆ. ಕಂಕುಳಡಿಯ ಹಸಿರು ಎದ್ದು ಕಂಡಿತು. ಕೈ ಇಳಿಸಲಿಲ್ಲ. ಕಾಣಲಿ, ಅಮ್ಮ ಕೊಟ್ಟ ಕಣ.